ವೀಕೆಂಡ್ ಕಾರು: ಎಲೀಸ್ ತಗೊಳ್ಳೋದಾ, ಬಾಕ್ಸ್‌ಸ್ಟರ್ ತಗೊಳ್ಳೋದಾ?

ಎಲ್ಲರಿಗೂ ನಮಸ್ಕಾರ. ಸ್ಕ್ರೀನಿನ ಎಡಗಡೆ ಇರುವುದು 2005ರ ಲೋಟಸ್ ಎಲೀಸ್ 111ಆರ್. ಬಲಗಡೆ ಇರುವುದು ಅದೇ ವರ್ಷದ ಪೋರ್ಷೆ ಬಾಕ್ಸ್‌ಸ್ಟರ್ ಎಸ್. ಎರಡರಲ್ಲೂ ಎರಡೇ ಸೀಟು. ಎರಡರಲ್ಲೂ ಎಂಜಿನ್ ಸೀಟಿನ ಹಿಂದೆ. ಎರಡರ ಟಾಪ್ ಕೂಡ ತೆಗೆಯಬಹುದು. ಇಷ್ಟು ಹೇಳಿದರೆ ಎರಡೂ ಒಂದೇ ಜಾತಿಯ ಕಾರು ಅನ್ನಿಸಬೇಕು, ಅಲ್ವಾ? ಓಡಿಸಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ನಾವಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. ಆಫೀಸು, ಮಗಳ ಸ್ಕೂಲು, ಸಾಮಾನು ತರೋದು, ಇದಕ್ಕೆಲ್ಲ ಮನೆಯಲ್ಲಿ ಒಂದು ಕಾರಿದೆ. ಅದು ಹಾಗೇ ಇರುತ್ತದೆ. ಈಗ ಹುಡುಕುತ್ತಿರುವುದು ಶನಿವಾರ, ಭಾನುವಾರ ಬೆಳಿಗ್ಗೆ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಕಡೆ ಹೋಗಿಬರಲು ಒಂದು ಕಾರು. ಅದಕ್ಕೆ ಬೇರೆ ಕೆಲಸವೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಲೆಕ್ಕ ನೋಡೋಣ. ಎಲೀಸ್‌ನಲ್ಲಿರುವುದು ಟೊಯೋಟಾದ 1.8 ಲೀಟರ್ ಎಂಜಿನ್, ಪವರ್ 189 ಬಿಎಚ್‌ಪಿ. ಬಾಕ್ಸ್‌ಸ್ಟರ್ ಎಸ್‌ನಲ್ಲಿ 3.2 ಲೀಟರಿನ ಆರು ಸಿಲಿಂಡರ್, 276 ಬಿಎಚ್‌ಪಿ. ಪೋರ್ಷೆಯೇ ಜೋರು ಅಂತ ಅನ್ನಿಸುತ್ತದೆ. ಆದರೆ ಎಲೀಸ್ ತೂಕ ಸುಮಾರು 860 ಕೆಜಿ, ಬಾಕ್ಸ್‌ಸ್ಟರ್ ಸುಮಾರು 1,345 ಕೆಜಿ. ಅಂದರೆ ಹೆಚ್ಚುಕಡಿಮೆ ಅರ್ಧ ಟನ್ ವ್ಯತ್ಯಾಸ. ತೂಕಕ್ಕೆ ಪವರ್ ಹಂಚಿ ನೋಡಿದರೆ ಎರಡೂ ಸರಿಸುಮಾರು ಒಂದೇ. ಎಲೀಸೇ ಒಂದು ಗುಲಗಂಜಿ ಮುಂದೆ. ಸೊನ್ನೆಯಿಂದ ಗಂಟೆಗೆ 60 ಮೈಲಿ ವೇಗವನ್ನು ಎರಡೂ ಐದು ಸೆಕೆಂಡಿನ ಆಸುಪಾಸಿನಲ್ಲೇ ಮುಟ್ಟುತ್ತವೆ. ಊರಿನಲ್ಲಿ ನೋಡುತ್ತಿರುವವರಿಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ. 2018ರ ಮಾರುತಿ ಸ್ವಿಫ್ಟ್ ಪೆಟ್ರೋಲ್ ಗಾಡಿಯ ತೂಕವೂ ಎಲೀಸ್‌ನಷ್ಟೇ. ಅದರ ಪವರ್ ಸುಮಾರು 82 ಬಿಎಚ್‌ಪಿ.

ಹಾಗಾಗಿ ಯಾವುದು ಫಾಸ್ಟ್ ಅನ್ನುವ ಚರ್ಚೆಯನ್ನು ಇಲ್ಲಿಗೇ ಬಿಟ್ಟುಬಿಡೋಣ.

ಈ ಎರಡು ಕಾರುಗಳ ಹುಟ್ಟೂ ಹತ್ತಿರ ಹತ್ತಿರ. ಎಲೀಸ್ 1995ರ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಕಾಣಿಸಿಕೊಂಡು 1996ರಲ್ಲಿ ಮಾರಾಟಕ್ಕೆ ಬಂತು. ಬಾಕ್ಸ್‌ಸ್ಟರ್ ಕೂಡ 1996ರದ್ದೇ. ಆಗ ಎರಡೂ ಕಂಪನಿಗಳ ಕೈಯಲ್ಲಿ ಕಾಸಿರಲಿಲ್ಲ. ಪೋರ್ಷೆ ಏನು ಮಾಡಿತು ಅಂದರೆ, ಆಗ ತಯಾರಾಗುತ್ತಿದ್ದ ತನ್ನದೇ ಹೊಸ 911 ಕಾರಿನ ಮುಂಭಾಗ, ಬಾಗಿಲು, ಒಳಗಿನ ಎಷ್ಟೋ ಭಾಗಗಳನ್ನು ಬಾಕ್ಸ್‌ಸ್ಟರ್‌ಗೂ ಹಂಚಿತು. ಆಮೇಲೆ ಬೇಡಿಕೆ ಹೆಚ್ಚಾದಾಗ ಫಿನ್‌ಲೆಂಡಿನ ಫ್ಯಾಕ್ಟರಿಯಲ್ಲೂ ಕಟ್ಟಿಸಿತು. ಲೋಟಸ್ ದಾರಿಯೇ ಬೇರೆ. ನಾರ್ಫೋಕ್‌ನ ಹೆಥೆಲ್ ಅನ್ನುವ ಹಳ್ಳಿಯಲ್ಲಿ, ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳು ಹಾರುತ್ತಿದ್ದ ಹಳೇ ಏರ್‌ಫೀಲ್ಡಿನಲ್ಲಿ ಅವರ ಫ್ಯಾಕ್ಟರಿ. ಅಲ್ಲಿ ಅಲ್ಯೂಮಿನಿಯಂ ಪಟ್ಟಿಗಳನ್ನು ವೆಲ್ಡಿಂಗ್ ಮಾಡದೆ ಅಂಟಿನಿಂದ ಅಂಟಿಸಿ ಚಾಸಿ, ಅಂದರೆ ಕಾರಿನ ಅಸ್ಥಿಪಂಜರ, ಮಾಡಿದರು. ಹೌದು, ಅಂಟಿನಿಂದಲೇ. ಎಪಾಕ್ಸಿ ಅನ್ನುವ ಅಂಟು ಹಚ್ಚಿ ಬಿಸಿ ಕೊಟ್ಟು ಗಟ್ಟಿ ಮಾಡುತ್ತಾರೆ. ಮೊದಲ ಎಲೀಸ್‌ನ ಬರೀ ಚಾಸಿ 70 ಕೆಜಿಗೂ ಕಡಿಮೆ ಇತ್ತು. ಒಬ್ಬ ಮನುಷ್ಯನ ತೂಕ! ವೆಲ್ಡಿಂಗಿಗೆ ದಪ್ಪ ಲೋಹ ಬೇಕು. ಅಂಟಿಗೆ ತೆಳ್ಳಗಿನದೇ ಸಾಕು. ತೂಕ ಅಲ್ಲೇ ಉಳಿಯಿತು.

ಸರಿ, ಈಗ ಓಡಿಸೋಣ. ಮಾರುವವರ ಕಾರನ್ನು ಇಲ್ಲಿ ಸುಮ್ನೆ ತೆಗೆದುಕೊಂಡು ಹೋಗುವ ಹಾಗಿಲ್ಲ. ನಮ್ಮ ಹೆಸರಿಗೆ ಇನ್ಶೂರೆನ್ಸ್ ಇರಬೇಕು. ಒಂದು ದಿನದ್ದು, ಕೆಲವು ಗಂಟೆಗಳದ್ದು ಕೂಡ ಸಿಗುತ್ತದೆ. ನನ್ನ ಹೆಸರು, ನನ್ನ ಹೆಂಡತಿಯ ಹೆಸರು ಎರಡಕ್ಕೂ ಮಾಡಿಸಿದೆವು.

ಮೊದಲು ಬಾಕ್ಸ್‌ಸ್ಟರ್. ಬಟನ್ ಒತ್ತಿದರೆ 12 ಸೆಕೆಂಡಿನಲ್ಲಿ ಟಾಪ್ ಮಡಚಿಕೊಂಡು ಹಿಂದಕ್ಕೆ ಹೋಗುತ್ತದೆ. ಗಂಟೆಗೆ 50 ಕಿಲೋಮೀಟರಿನವರೆಗೆ ಓಡುತ್ತಿರುವಾಗಲೇ ಇದನ್ನು ಮಾಡಬಹುದು. ಮಳೆ ಹನಿ ಬಿತ್ತಾ, ಹಾಕಿಕೊಳ್ಳಿ. ನಿಂತಿತಾ, ತೆಗೆಯಿರಿ. ಇಂಗ್ಲೆಂಡಿನ ಹವಾಮಾನಕ್ಕೆ ಹೇಳಿ ಮಾಡಿಸಿದ್ದು. ಮುಂದೆ ಒಂದು ಡಿಕ್ಕಿ, ಹಿಂದೆ ಇನ್ನೊಂದು. ಎರಡೂ ಸೇರಿ 280 ಲೀಟರ್. ಇಬ್ಬರ ವಾರದ ಬಟ್ಟೆಗೆ ಧಾರಾಳ. ಆಶ್‌ಬೋರ್ನ್ ದಾಟಿ ಬಕ್ಸ್‌ಟನ್ ಕಡೆ ಹೋಗುವ ಎ515 ರಸ್ತೆಯಲ್ಲಿ ತೇಪೆ ಹಾಕಿದ ಜಾಗಗಳು ಜಾಸ್ತಿ. ಬಾಕ್ಸ್‌ಸ್ಟರ್ ಅದನ್ನೆಲ್ಲ ನುಂಗಿಕೊಂಡು ಹೋಗುತ್ತದೆ. ಬಕ್ಸ್‌ಟನ್‌ನಲ್ಲಿ ಇಳಿದಾಗ ಬೆನ್ನು ಹಿಡಿದಿರಲಿಲ್ಲ, ಕಿವಿ ಗುಂಯ್ ಅನ್ನುತ್ತಿರಲಿಲ್ಲ. ಆ ಆರು ಸಿಲಿಂಡರಿನ ದನಿಯನ್ನು ನೀವೇ ಕೇಳಿಸಿಕೊಳ್ಳಿ, ಸ್ವಲ್ಪ ಹೊತ್ತು ನಾನು ಮಾತಾಡುವುದಿಲ್ಲ.

ಚೆನ್ನಾಗಿದೆ, ಅಲ್ವಾ? ತುಂಬಾ ಒಳ್ಳೆಯ ಕಾರು ಇದು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಎಲೀಸ್. ಇದರೊಳಗೆ ಹೋಗುವುದನ್ನು ನಿಧಾನವಾಗಿ ತೋರಿಸುತ್ತೇನೆ. ಬಾಗಿಲು ತೆಗೆದರೆ ಮೊಳಕಾಲಿನ ಹತ್ತಿರಕ್ಕೆ ಬರುವ ಅಗಲವಾದ ಅಂಚು ಸಿಗುತ್ತದೆ. ಅದು ಚಾಸಿಯ ಭಾಗ, ಅದಕ್ಕೇ ಅಷ್ಟು ದಪ್ಪ. ಟಾಪ್ ಹಾಕಿದ್ದರೆ ಮೊದಲು ಎಡಗಾಲು ಸ್ಟಿಯರಿಂಗ್ ಕೆಳಗೆ ತೂರಿಸಬೇಕು. ಆಮೇಲೆ ತಲೆ ಬಗ್ಗಿಸಿ, ಆ ಅಂಚಿನ ಮೇಲೆ ಕೂತು, ಸೀಟಿಗೆ ಜಾರಬೇಕು. ಕೊನೆಗೆ ಬಲಗಾಲನ್ನು ಎಳೆದುಕೊಳ್ಳಬೇಕು. ಸೀಟು ತೆಳ್ಳಗೆ. ನೆಲದಲ್ಲಿ ಬರೀ ಅಲ್ಯೂಮಿನಿಯಂ ಕಾಣುತ್ತದೆ. ಪೆಡಲ್‌ಗಳು ಎಷ್ಟು ಹತ್ತಿರ ಅಂದರೆ ದಪ್ಪ ಶೂ ಹಾಕಿದರೆ ಒಂದನ್ನು ಒತ್ತಲು ಹೋಗಿ ಎರಡು ಒತ್ತುತ್ತೀರಿ. ಪಕ್ಕದ ಸೀಟು ಹಿಂದೆ ಮುಂದೆ ಸರಿಯುವುದೇ ಇಲ್ಲ, ಬೋಲ್ಟ್ ಹಾಕಿ ಕೂರಿಸಿದ್ದಾರೆ. ಸ್ಟೆಪ್ನಿ ಇಲ್ಲ. ಡಿಕ್ಕಿ ಎಂಜಿನ್ನಿನ ಹಿಂದೆಯೇ ಇರುವುದರಿಂದ ಒಳಗಿಟ್ಟ ಚಾಕೊಲೇಟ್ ಕರಗಿಹೋಗುತ್ತದೆ. ಟಾಪ್ ಅಂದರೆ ಒಂದು ಬಟ್ಟೆ, ಎರಡು ಕಡ್ಡಿ. ಸುತ್ತಿ ಡಿಕ್ಕಿಯಲ್ಲಿಡಬೇಕು. ಮಳೆ ಬಂದರೆ ಕಾರು ನಿಲ್ಲಿಸಿ, ಇಳಿದು, ನೆನೆಯುತ್ತಾ ಹಾಕಬೇಕು.

ಪವರ್ ಸ್ಟಿಯರಿಂಗ್ ಇಲ್ಲ. ಪಾರ್ಕಿಂಗ್ ಮಾಡುವಾಗ ತೋಳಿಗೆ ಗೊತ್ತಾಗುತ್ತದೆ. ಆದರೆ ಕಾರು ಹೊರಟು ನಾಲ್ಕು ಮಾರು ಹೋದಮೇಲೆ ಆ ಭಾರ ಮಾಯ. ಎಂಜಿನ್ ಹಿಂದಿರುವುದರಿಂದ ಮುಂದಿನ ಚಕ್ರಗಳ ಮೇಲೆ ಹೆಚ್ಚು ತೂಕ ಬೀಳುವುದಿಲ್ಲ. ಮುಂದಿನ ಟೈರ್ ಬರೀ 175 ಮಿಲಿಮೀಟರ್ ಅಗಲ. ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗಳಿಗೇ 185 ಬರುತ್ತದೆ, ಯೋಚಿಸಿ. ತೆಳ್ಳನೆಯ ಟೈರು, ಹಗುರ ಮೂತಿ, ನಡುವೆ ಯಾವ ಮೋಟಾರೂ ಇಲ್ಲ, ಪಂಪೂ ಇಲ್ಲ. ರಸ್ತೆಯಲ್ಲಿ ಏನಿದೆಯೋ ಅದು ನೇರವಾಗಿ ಅಂಗೈಗೆ ಬರುತ್ತದೆ. ಇಲ್ಲಿ ರಸ್ತೆ ಮಧ್ಯದ ಗೆರೆಯಲ್ಲಿ ರಾತ್ರಿ ಹೊಳೆಯುವ ಕ್ಯಾಟ್ಸ್ ಐ ಗುಬಟುಗಳನ್ನು ಕೂರಿಸಿರುತ್ತಾರೆ. ಚಕ್ರ ಅದರ ಮೇಲೆ ಹತ್ತಿದರೆ ಒಂದೊಂದೂ ಕೈಗೆ ಟಕ್ ಟಕ್ ಅಂತ ಗೊತ್ತಾಗುತ್ತದೆ. ತಿರುವಿನಲ್ಲಿ ಒಣ ರಸ್ತೆ ಮುಗಿದು ಮರದ ನೆರಳಿನ ಒದ್ದೆ ಜಾಗ ಶುರುವಾದರೆ ಸ್ಟಿಯರಿಂಗ್ ಒಂಚೂರು ಸಡಿಲಾಗುತ್ತದೆ. ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ನಾನು ಓಡಿಸಿದ ಬೇರೆ ಯಾವ ಕಾರಿನಲ್ಲೂ ಇದು ಸಿಕ್ಕಿರಲಿಲ್ಲ.

ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಹತ್ತಿರ ಯಮಹಾ ಆರ್‌ಎಕ್ಸ್ 100 ಬೈಕ್ ಇತ್ತು. ಬರೀ 98 ಸಿಸಿ, 11 ಬಿಎಚ್‌ಪಿ. ಗಾಡಿ ಎಷ್ಟು ಹಗುರ ಅಂದರೆ ನಾವು ನೋಡಿದ ಕಡೆ ಅದು ತಿರುಗಿರುತ್ತಿತ್ತು. ಓಡಿಸಿದವರಿಗೆ ಗೊತ್ತು ಅದು. ಎಲೀಸ್‌ನಲ್ಲಿ ನನಗೆ ಸಿಕ್ಕಿದ್ದು ಅದೇ. ಇನ್ನೊಂದು ವಿಷಯ ಏನೆಂದರೆ, ಈ ಟೊಯೋಟಾ ಎಂಜಿನ್ ಮಾಡುವಾಗ ಜೊತೆಗೆ ಕೆಲಸ ಮಾಡಿದ್ದು ಯಮಹಾ. ಸುಮಾರು 6,200 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ದಾಟಿದಮೇಲೆ ಎಂಜಿನ್ನಿಗೆ ಗಾಳಿ ಬಿಡುವ ವಾಲ್ವ್‌ಗಳನ್ನು ಇನ್ನೂ ಹೆಚ್ಚು ತೆರೆಯುವ ಬೇರೆ ಕ್ಯಾಮ್, ಅಂದರೆ ವಾಲ್ವ್ ಒತ್ತುವ ಉಬ್ಬು, ಕೆಲಸಕ್ಕೆ ಬರುತ್ತದೆ. ದನಿಯೇ ಬದಲಾಗುತ್ತದೆ. ಅದಕ್ಕಿಂತ ಕೆಳಗೆ ಎಂಜಿನ್ ಸ್ವಲ್ಪ ಮಂಕು, ಅದೂ ನಿಜ. ಕೆಳಗಿನ ಗೇರಿನಲ್ಲಿ ಎಳೆಸಿದರೆ ಮಾತ್ರ ಮಜಾ.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಎಲ್ಲರೂ ಹೆಸರು ಹೇಳುವ ರಸ್ತೆ ಬಕ್ಸ್‌ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್‌ಗೆ ಹೋಗುವ ಎ537. ಕ್ಯಾಟ್ ಅಂಡ್ ಫಿಡಲ್ ಅಂತಾರೆ, ದಾರಿಯಲ್ಲಿದ್ದ ಹಳೇ ಪಬ್ಬಿನ ಹೆಸರು. ಅಪಘಾತಗಳು ಜಾಸ್ತಿಯಾಗಿ ಅಲ್ಲಿ ಮಿತಿಯನ್ನು 50 ಮೈಲಿಗೆ ಇಳಿಸಿದರು, 2010ರಲ್ಲಿ ಸರಾಸರಿ ವೇಗ ಅಳೆಯುವ ಕ್ಯಾಮೆರಾ ಹಾಕಿದರು. ಇಡೀ ರಸ್ತೆಯನ್ನು ಎಷ್ಟು ಹೊತ್ತಿನಲ್ಲಿ ದಾಟಿದಿರಿ ಅಂತ ಲೆಕ್ಕ ಹಾಕುತ್ತವೆ ಅವು. 50 ಮೈಲಿ ಅಂದರೆ ನಮ್ಮ 80 ಕಿಲೋಮೀಟರ್. ಈ ಮಿತಿ ಸರಿಯಾಗಿಯೇ ಇದೆ. ಸೈಕಲ್‌ನವರು ಇರುತ್ತಾರೆ, ಕಲ್ಲಿನ ಗೋಡೆ ದಾಟಿ ಕುರಿ ಬಂದು ನಿಂತಿರುತ್ತವೆ.

ಅಂಥ ರಸ್ತೆಯಲ್ಲಿ ಬಾಕ್ಸ್‌ಸ್ಟರ್ 80ರಲ್ಲಿ ಆರಾಮಾಗಿ ಕೂತಿರುತ್ತದೆ. ಅದಕ್ಕೆ ಅದು ಏನೂ ಅಲ್ಲ. ಅದರ ನಿಜವಾದ ಗುಣ ಕಾಣಬೇಕಾದರೆ ಇನ್ನೂ ಜೋರಾಗಿ ಹೋಗಬೇಕು, ಅಷ್ಟು ಜೋರಾಗಿ ಹೋಗುವುದು ಕಾನೂನಿಗೂ ವಿರುದ್ಧ, ಕುರಿಗಳಿಗೂ ಅಪಾಯ. ಎಲೀಸ್‌ನಲ್ಲಿ ಹಾಗಲ್ಲ. 60 ಕಿಲೋಮೀಟರಿನಲ್ಲೇ ಕೈ, ಕಾಲು, ಬೆನ್ನು ಎಲ್ಲಕ್ಕೂ ಕೆಲಸ ಇರುತ್ತದೆ. ಎಷ್ಟು ಹೊತ್ತಿಗೆ ಬ್ರೇಕ್ ಬಿಡಬೇಕು, ಯಾವ ಗೇರು, ಚಕ್ರ ಎಲ್ಲಿಡಬೇಕು ಅನ್ನುವುದರಲ್ಲೇ ಮನಸ್ಸು ತುಂಬಿಹೋಗುತ್ತದೆ. ಮಿತಿಯೊಳಗೇ ಇದ್ದು ಇಷ್ಟು ಖುಷಿ ಕೊಡುವ ಕಾರು ಇವತ್ತಿನ ರಸ್ತೆಗಳಿಗೆ ಬೇಕು. ಹೊಸ ಸ್ಪೋರ್ಟ್ಸ್ ಕಾರುಗಳು ವರ್ಷದಿಂದ ವರ್ಷಕ್ಕೆ ಪವರ್ ಏರಿಸುತ್ತಾ, ತೂಕ ಏರಿಸುತ್ತಾ ಹೋಗುತ್ತಿವೆ. ಅದನ್ನು ಬಳಸಲು ರಸ್ತೆ ಎಲ್ಲಿದೆ? 2021ರಲ್ಲಿ ಎಲೀಸ್ ತಯಾರಿಕೆಯೇ ನಿಂತಾಗ ನನಗೆ ನಿಜಕ್ಕೂ ಬೇಜಾರಾಗಿತ್ತು.

ಇನ್ನು ನನ್ನ ಹೆಂಡತಿಯ ಅಭಿಪ್ರಾಯ. ಎರಡರಲ್ಲೂ ಪಕ್ಕದಲ್ಲಿ ಕೂತಿದ್ದಳು. ಎಲೀಸ್‌ನಿಂದ ಇಳಿದು, "ರೀ, ಬಾಕ್ಸ್‌ಸ್ಟರ್ ಆದ್ರೆ ನಾನೂ ಬರ್ತೀನಿ. ಇದಾದ್ರೆ ನೀವೊಬ್ರೇ ಹೋಗಿ" ಅಂದಳು. ಇದು ಸಣ್ಣ ಮಾತಲ್ಲ. ಅವಳು ಬರಲ್ಲ ಅಂದರೆ ಬಾಕ್ಸ್‌ಸ್ಟರೇ ಸರಿ ಅಂತ ನಾನೂ ಅಂದುಕೊಂಡೆ. ಆಮೇಲೆ ಅವಳೇ ಕೀ ಕೇಳಿದಳು. ಬಕ್ಸ್‌ಟನ್‌ನಿಂದ ವಾಪಸ್ ಬರುವಾಗ ಓಡಿಸಿದ್ದು ಅವಳು. ಮೊದಲು ಬಿಗಿಯಾಗಿ ಹಿಡಿದಿದ್ದ ಕೈ ಆಮೇಲೆ ಸಡಿಲಾಯಿತು. ಅರ್ಧ ದಾರಿಯಲ್ಲಿ ನಾನು ಏನೋ ಕೇಳಿದೆ. "ತಡೀರಿ, ಈ ತಿರುವು ಮುಗೀಲಿ" ಅಂದಳು.

ಅಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಇಂಥ ಕಾರಿನಲ್ಲಿ ಕುಲುಕಾಟ ಇಬ್ಬರಿಗೂ ಸಮ. ಸಂತೋಷ ಮಾತ್ರ ಓಡಿಸುವವರಿಗೆ. ಪಕ್ಕದಲ್ಲಿ ಕೂತವರಿಗೆ ಗಾಳಿ, ಸದ್ದು, ಬೆನ್ನುನೋವು ಬಿಟ್ಟು ಏನೂ ಸಿಗುವುದಿಲ್ಲ. ಹಾಗಾಗಿ ಮನೆಯಲ್ಲಿ ಇಬ್ಬರೂ ಓಡಿಸುವವರಾಗಿದ್ದರೆ ಎಲೀಸ್ ನಡೆಯುತ್ತದೆ. ಒಬ್ಬರೇ ಓಡಿಸಿ ಇನ್ನೊಬ್ಬರು ಯಾವಾಗಲೂ ಪಕ್ಕದಲ್ಲೇ ಕೂರುವುದಾದರೆ, ದಯವಿಟ್ಟು ಬಾಕ್ಸ್‌ಸ್ಟರ್ ತಗೊಳ್ಳಿ. ಮನೆಯಲ್ಲಿ ಇದೊಂದೇ ಕಾರು ಅನ್ನುವವರಿಗೂ ಅದೇ ಮಾತು. ದಿನಾ ಆಫೀಸಿಗೆ ಎಲೀಸ್‌ನಲ್ಲಿ ಹೋದರೆ ಆರು ತಿಂಗಳಿಗೆ ಆ ಕಾರನ್ನೇ ದ್ವೇಷಿಸುತ್ತೀರಿ.

ಖರ್ಚಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಹಳೇ ಬಾಕ್ಸ್‌ಸ್ಟರ್ ತುಂಬಾ ಕಡಿಮೆಗೆ ಸಿಗುತ್ತದೆ. ಎಲೀಸ್ ಬೆಲೆ ಇಳಿಯುವುದೇ ಇಲ್ಲ, ಆದರೆ ಮಾರುವಾಗ ಅದೇ ಅನುಕೂಲ. ಬಾಕ್ಸ್‌ಸ್ಟರ್‌ನಲ್ಲಿ 2009ಕ್ಕಿಂತ ಹಿಂದಿನದಾದರೆ ಐಎಂಎಸ್ ಬೇರಿಂಗ್ ಬಗ್ಗೆ ಕೇಳಿ. ಎಂಜಿನ್ನಿನೊಳಗಿನ ಶಾಫ್ಟಿನ ಬೇರಿಂಗ್ ಅದು. ಎಲ್ಲದರಲ್ಲೂ ಹೋಗುವುದಿಲ್ಲ, ಹೋದರೆ ಎಂಜಿನ್ನೇ ಹೋಗುತ್ತದೆ. 2009ರಲ್ಲಿ ಬಂದ ಹೊಸ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಎಲೀಸ್‌ನಲ್ಲಿ ಮೂತಿಯ ಕಡೆ ಪೂರ್ತಿ ಬಾಡಿ ಒಂದೇ ಫೈಬರ್ ತುಂಡು. ಪಾರ್ಕಿಂಗ್‌ನಲ್ಲಿ ಯಾರಾದರೂ ತಾಗಿಸಿದರೆ ಬಂಪರ್ ಬದಲಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಬಿರುಕು ಹತ್ತಿರದಿಂದ ನೋಡಿ, ಬಣ್ಣದಲ್ಲಿ ವ್ಯತ್ಯಾಸ ಇದೆಯಾ ನೋಡಿ. ಅಲ್ಯೂಮಿನಿಯಂ ಚಾಸಿಗೆ ತುಕ್ಕು ಹಿಡಿಯುವುದಿಲ್ಲ, ಆದರೆ ಸಸ್ಪೆನ್ಷನ್ ಭಾಗಗಳು ಕಬ್ಬಿಣದವು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅವು ತಿಂದುಹೋಗುತ್ತವೆ.

ಯಾವ ಕಾರೇ ಆಗಲಿ, ನೋಡಲು ಹೋಗುವ ಮೊದಲು ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿ ಎಂಒಟಿ ಚರಿತ್ರೆ ತೆಗೆಯಿರಿ. ವರ್ಷಕ್ಕೊಮ್ಮೆ ಕಡ್ಡಾಯವಾಗಿ ಆಗುವ ತಪಾಸಣೆ ಅದು. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಏನು ಸವೆದಿತ್ತು, ಎಲ್ಲ ಪುಕ್ಕಟೆಯಾಗಿ ಸಿಗುತ್ತದೆ. ಸವೆದಿದೆ ಅಂತ ಬರೆದ ಭಾಗ ಮುಂದಿನ ವರ್ಷವೂ ಹಾಗೇ ಇದ್ದರೆ, ಆ ಮಾಲೀಕರು ಕಾರು ಹೇಗೆ ನೋಡಿಕೊಂಡಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

ನಾವು ಎಲೀಸ್‌ಗೆ ಅಡ್ವಾನ್ಸ್ ಕೊಟ್ಟಿದ್ದೇವೆ. ಶನಿವಾರ ಅವಳದು, ಭಾನುವಾರ ನನ್ನದು. ನವೆಂಬರ್‌ನಲ್ಲಿ ಉಪ್ಪು ಬೀಳಲು ಶುರುವಾದ ಮೇಲೆ ಸಾರ್ನ್ ಮಾಡಿ, ಅಂದರೆ ರಸ್ತೆಗಿಳಿಸುವುದಿಲ್ಲ ಅಂತ ಬರೆದುಕೊಟ್ಟು, ಗ್ಯಾರೇಜಿನಲ್ಲಿ ನಿಲ್ಲಿಸುತ್ತೇವೆ. ಅಷ್ಟು ದಿನ ರೋಡ್ ಟ್ಯಾಕ್ಸ್ ಉಳಿಯುತ್ತದೆ. ಮೂರು ಜನ ಎಲ್ಲಿಗಾದರೂ ಹೊರಟರೆ ಮನೆಯ ಕಾರು ಇದ್ದೇ ಇದೆ. ಕಾರು ಕೈಗೆ ಬಂದ ಮೇಲೆ ಅದನ್ನು ಜ್ಯಾಕ್ ಮೇಲೆತ್ತಿ ಕೆಳಗಿನ ಸಸ್ಪೆನ್ಷನ್, ಬ್ರೇಕ್ ಪೈಪು ಎಲ್ಲವನ್ನೂ ಒಂದೊಂದಾಗಿ ತೋರಿಸುತ್ತೇನೆ. ಏನಾದರೂ ವಿಶೇಷವಾಗಿ ನೋಡಬೇಕಿದ್ದರೆ ಈಗಲೇ ಕೆಳಗೆ ಬರೆದುಬಿಡಿ.