ಸೈರನ್ ಕೂಗಿದರೆ ಯಾರು ಬರುತ್ತಾರೆ?

ಕೇಳುಗರಿಗೆಲ್ಲ ನಮಸ್ಕಾರ.

ಸದಾಶಿವಗಡದ ಕಡೆ ಒಂದು ಮನೆ. ಮಗ, ಸೊಸೆ ಬೆಂಗಳೂರಿನಲ್ಲಿ, ಮನೆಗೆ ಬೀಗ. ಆಷಾಢದ ಒಂದು ರಾತ್ರಿ ಎರಡು ಗಂಟೆಗೆ ಆ ಮನೆಯ ಕಳ್ಳರ ಅಲಾರಮಿನ ಸೈರನ್ ಕೂಗತೊಡಗಿತು. ಅಕ್ಕಪಕ್ಕದವರು ಟಾರ್ಚ್ ಹಿಡಿದು ಮಳೆಯಲ್ಲೇ ಓಡಿ ಬಂದರು. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಮರುದಿನ ರಾತ್ರಿ ಮತ್ತೆ ಕೂಗಿತು, ಇಬ್ಬರು ಬಂದರು. ನಾಲ್ಕನೆಯ ರಾತ್ರಿ ಯಾರೂ ಏಳಲಿಲ್ಲ. ಐದನೆಯ ದಿನ ಬೆಳಿಗ್ಗೆ ಯಾರೋ ಏಣಿ ಹಾಕಿ ಸೈರನ್ನಿನ ವೈರನ್ನೇ ಕಿತ್ತರು.

ನನ್ನನ್ನು ಕರೆದದ್ದು ಅದಾದ ಮೇಲೆ. ನಡುಮನೆಯ ಮೂಲೆಯಲ್ಲಿದ್ದ ಸೆನ್ಸರಿನ ಬಿಳಿ ಮುಚ್ಚಳ ತೆಗೆದೆ. ಒಳಗೆ ಹಲ್ಲಿಯ ಎರಡು ಮೊಟ್ಟೆ, ಕರಿ ಹಿಕ್ಕೆ, ಲೆನ್ಸಿನ ಹಿಂದುಗಡೆ ತೆಳ್ಳಗೆ ಜೇಡರ ಬಲೆ. ವೈರ್ ಒಳಬರುವ ತೂತನ್ನು ಕೂರಿಸಿದವರು ಹಾಗೇ ಬಿಟ್ಟಿದ್ದರು. ಒಂದು ಚಿಟಿಕೆ ಸಿಲಿಕಾನ್ ಅಂಟು ಹಾಕಿದ್ದರೆ ಆ ನಾಲ್ಕು ರಾತ್ರಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ.

ಇಪ್ಪತ್ತು ವರ್ಷದಿಂದ ಕಾರವಾರ, ಅಂಕೋಲಾ, ಶಿರಸಿ ಕಡೆ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ಕಳ್ಳರ ಅಲಾರಂ ಬೇಕು ಅಂತ ಬರುವವರು ಮೊದಲು ಕೇಳುವುದು, ಎಷ್ಟು ಸೆನ್ಸರ್ ಕೊಡುತ್ತೀರಿ, ಮೊಬೈಲಿನಲ್ಲಿ ನೋಡಬಹುದಾ ಎಂದು. ನಾನು ಅವರಿಗೆ ತಿರುಗಿ ಕೇಳುವುದು ಒಂದೇ: ನಿಮ್ಮ ಸೈರನ್ ಕೂಗಿದರೆ ಯಾರಿಗೆ ಕೇಳುತ್ತದೆ? ಕೇಳಿದವರಲ್ಲಿ ಎದ್ದು ಬರುವವರು ಯಾರು? ಇದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಪೆಟ್ಟಿಗೆ ಯಾವುದು ಎಂಬ ಮಾತು.

ಕಾಜುಬಾಗದ ಹಾಗೆ ಮನೆಗೆ ಮನೆ ತಾಗಿದ ಕಡೆ ಒಂದು ಜೋರು ಸೈರನ್ ಅರ್ಧ ಕೆಲಸ ಮಾಡಿ ಮುಗಿಸುತ್ತದೆ. ಶಿರಸಿ, ಸಿದ್ದಾಪುರದ ತೋಟದ ಮನೆಗೆ ಆ ಲೆಕ್ಕ ನಡೆಯುವುದಿಲ್ಲ. ಹತ್ತಿರದ ಮನೆ ತೋಟದ ಆಚೆ ದಿಬ್ಬದ ಮೇಲೆ. ಜುಲೈ ತಿಂಗಳಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುವಾಗ ಪಕ್ಕದ ಕೋಣೆಯ ಮಾತೇ ಕೇಳಿಸದು, ಸೈರನ್ ಎಲ್ಲಿಂದ ಕೇಳಬೇಕು? ಅಲ್ಲಿಗೆ ಬೇಕಾದದ್ದು ಸಿಮ್ ಹಾಕಿದ, ತಾನಾಗಿ ಫೋನ್ ಮಾಡುವ ಪ್ಯಾನೆಲ್, ಅಂದರೆ ಸೆನ್ಸರುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಅದರಲ್ಲಿ ಬೆಂಗಳೂರಿನ ಮಗನ ನಂಬರ್ ಎರಡನೆಯದಾಗಿ ಇರಲಿ. ಮೊದಲನೆಯದು ಐದು ನಿಮಿಷದಲ್ಲಿ ಅಂಗಳಕ್ಕೆ ಬಂದು ನಿಲ್ಲಬಲ್ಲವರದ್ದು. ಅವರು ದೂರದಿಂದ ನೋಡಿ, ಅನುಮಾನ ಬಂದರೆ ಒಳಗೆ ನುಗ್ಗದೆ 112ಕ್ಕೆ ಫೋನ್ ಮಾಡಲಿ.

ಪ್ಯಾನೆಲ್ಲಿನ ಸಿಮ್ ಬಗ್ಗೆ ಒಂದು ಮಾತು. ರೀಚಾರ್ಜ್ ಮುಗಿದ ಸಿಮ್ಮಿನಿಂದ ಫೋನ್ ಹೋಗುವುದಿಲ್ಲ. ಕೈಯಲ್ಲಿರುವ ಮೊಬೈಲಾದರೆ ಆ ಹೊತ್ತಿಗೇ ಗೊತ್ತಾಗುತ್ತದೆ, ಗೋಡೆಯ ಮೇಲಿನ ಪೆಟ್ಟಿಗೆಯ ಸಿಮ್ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡಿ. ಇನ್ನು ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲೋ ಅಟ್ಟದ ಕಿಟಕಿಯ ಹತ್ತಿರವೋ ಮಾತ್ರ. ಪ್ಯಾನೆಲ್ ಕೂರಬೇಕಾದ್ದು ಅಲ್ಲೇ, ಇಲ್ಲವೇ ಅಲ್ಲಿಯವರೆಗೆ ಆಂಟೆನಾ ವೈರ್ ಎಳೆಯಬೇಕು.

ಬಾಗಿಲಿಗೆ ಹಾಕುವುದು ಅಯಸ್ಕಾಂತದ ಸ್ವಿಚ್. ಬಾಗಿಲಲ್ಲಿ ಸಣ್ಣ ಅಯಸ್ಕಾಂತ, ಚೌಕಟ್ಟಿನಲ್ಲಿ ಸ್ವಿಚ್. ಎರಡೂ ದೂರವಾದರೆ ಪ್ಯಾನೆಲ್ಲಿಗೆ ಗೊತ್ತಾಗುತ್ತದೆ. ಬಾಗಿಲು ತೆರೆದರೆ ಕರೆಂಟಿನಿಂದ ಗಂಟೆ ಬಾರಿಸುವ ಉಪಾಯಕ್ಕೆ ಅಮೆರಿಕದ ಆಗಸ್ಟಸ್ ಪೋಪ್ ಎಂಬವರು 1853ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದರು. ಅವರದ್ದರಲ್ಲಿ ಬಾಗಿಲು ತೆರೆದಾಗ ಕರೆಂಟ್ ಹರಿದು ಗಂಟೆ ಬಡಿಯುತ್ತಿತ್ತು. ವೈರ್ ಕತ್ತರಿಸಿಬಿಟ್ಟರೆ ಗಂಟೆ ಸುಮ್ಮನೆ. ಇವತ್ತಿನ ಒಳ್ಳೆಯ ಪ್ಯಾನೆಲ್ಲಿನಲ್ಲಿ ಇದು ತಿರುವುಮುರುವು: ವೈರಿನಲ್ಲಿ ಕರೆಂಟ್ ಯಾವಾಗಲೂ ಹರಿಯುತ್ತಲೇ ಇರುತ್ತದೆ, ಬಾಗಿಲು ತೆರೆದರೂ ವೈರ್ ಕತ್ತರಿಸಿದರೂ ಕೂಗುತ್ತದೆ. ಕೂರಿಸಿದವರು ಹಣ ಕೇಳುವ ಮೊದಲು ಒಂದು ವೈರ್ ಬಿಚ್ಚಿಸಿ ನೋಡಿ. ಕೂಗದಿದ್ದರೆ ಜೋಡಣೆ ಸರಿಯಾಗಿಲ್ಲ.

ಆದರೆ ಹಂಚಿನ ಮನೆಗೆ ಬರುವ ಕಳ್ಳ ಬಾಗಿಲ ಹತ್ತಿರ ಸುಳಿಯುವುದೇ ಇಲ್ಲ. ನಾಲ್ಕು ಹಂಚು ಸರಿಸಿ, ರೀಪು ಮುರಿದು ಅಟ್ಟಕ್ಕೆ ಇಳಿಯುತ್ತಾನೆ. ಬಾಗಿಲಿಗೆ ಎಷ್ಟು ಸ್ವಿಚ್ ಹಾಕಿದ್ದರೂ ಅವನಿಗೆ ಸಂಬಂಧವಿಲ್ಲ. ಇಂಥ ಮನೆಗೆ ಮೈಯ ಬಿಸಿ ಗುರುತಿಸುವ ಸೆನ್ಸರ್ ಬೇಕು, ಅದನ್ನು ಅಟ್ಟದಿಂದ ಇಳಿಯುವ ಏಣಿಯ ಎದುರಿಗೋ ನಡುಮನೆಯಲ್ಲೋ ಹಾಕಬೇಕು. ಏಳೆಂಟು ಅಡಿ ಎತ್ತರದಲ್ಲಿ, ಮೂಲೆಯಲ್ಲಿ. ಅದರ ಕಣ್ಣಿಗೆ ಕೋಣೆ ಬೀಸಣಿಗೆಯ ಎಸಳಿನ ಹಾಗೆ ಸೀಳುಸೀಳಾಗಿ ಕಾಣುತ್ತದೆ. ಎಸಳಿಂದ ಎಸಳಿಗೆ ಅಡ್ಡ ದಾಟುವವನನ್ನು ತಕ್ಷಣ ಹಿಡಿಯುತ್ತದೆ, ನೇರ ತನ್ನ ಕಡೆಗೇ ಬರುವವನನ್ನು ತಡವಾಗಿ ಹಿಡಿಯುತ್ತದೆ. ಒಲೆಯ ಎದುರು, ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿಯ ಎದುರು ಬೇಡ. ಮೇ ತಿಂಗಳ ಕಾರವಾರದ ಸೆಕೆಯಲ್ಲಿ ಗೋಡೆಯೇ ಮೈಯಷ್ಟು ಬಿಸಿಯಾದಾಗ ಈ ಸೆನ್ಸರ್ ಸ್ವಲ್ಪ ಮಂದವಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಒಮ್ಮೆ ಅದರೆದುರು ನಡೆದು ಪರೀಕ್ಷಿಸಬೇಕು.

ವೈರ್ ಇಲ್ಲದ ಸೆಟ್ ಕೂರಿಸುವುದು ಸುಲಭ, ನಿಜ. ಆದರೆ ಒಂದೂವರೆ ಅಡಿ ದಪ್ಪದ ಹಳೆಯ ಚಿರೇಕಲ್ಲಿನ ಗೋಡೆ ಎರಡು ಅಡ್ಡ ಬಂದರೆ ಅದರ ಸಿಗ್ನಲ್ ಸೋತುಹೋಗುತ್ತದೆ. ಅಂಥ ಮನೆಗೆ ನಾನು ಈಗಲೂ ವೈರನ್ನೇ ಎಳೆಯುತ್ತೇನೆ.

ಈಗ ಬ್ಯಾಟರಿ. ನಮ್ಮ ಜಿಲ್ಲೆಯಲ್ಲಿ ಅಲಾರಂ ಸೋಲುವುದು ಹೆಚ್ಚಾಗಿ ಇಲ್ಲೇ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ. ಪ್ಯಾನೆಲ್ಲಿನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 7 ಆಂಪಿಯರ್ ಅವರ್‌ನ ಬ್ಯಾಟರಿ. ಸೆನ್ಸರುಗಳೆಲ್ಲ ಸೇರಿ 200 ಮಿಲಿ ಆಂಪಿಯರ್ ಎಳೆದರೆ ಕಾಗದದ ಮೇಲೆ 35 ಗಂಟೆ ಬರಬೇಕು. ಹೊಸ ಬ್ಯಾಟರಿಯಲ್ಲೂ ಅಷ್ಟು ಬರುವುದಿಲ್ಲ, ಮೂರು ವರ್ಷ ಹಳೆಯದಾದರೆ ಅರ್ಧ ಬಂದರೆ ಪುಣ್ಯ. ಮರ ಬಿದ್ದು ಲೈನ್ ಹರಿದರೆ ಜೋಯಿಡಾ, ಯಲ್ಲಾಪುರದ ಹಳ್ಳಿಗಳಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಮೊದಲ ದಿನ ದಾಟುವಷ್ಟರಲ್ಲಿ ಪ್ಯಾನೆಲ್ ಮಲಗಿರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪ್ಯಾನೆಲ್ಲನ್ನು ಅದರ ಲೈನಿಗೆ ಹಾಕಿಸಿ. ವೈಫೈ ಮೇಲೆ ನಡೆಯುವ ಅಲಾರಂ ಆದರೆ ರೂಟರನ್ನೂ ಅದೇ ಲೈನಿಗೆ ಸೇರಿಸಬೇಕು, ಇದನ್ನು ತುಂಬ ಜನ ಮರೆಯುತ್ತಾರೆ. ಸೆಕೆ ಹೆಚ್ಚಿದಷ್ಟೂ ಬ್ಯಾಟರಿಯ ಆಯುಸ್ಸು ಕಡಿಮೆ. ಕೂರಿಸಿದ ದಿನವೇ ಅದರ ಮೈಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆಯಿರಿ, ಮೂರು ವರ್ಷಕ್ಕೆ ಬದಲಿಸಿ.

ಕರಾವಳಿಗೆ ಇನ್ನೊಂದು ಶತ್ರು, ಉಪ್ಪುಗಾಳಿ. ಹೋದ ಮಳೆಗಾಲ ಮುಗಿದ ಮೇಲೆ ಮಾಜಾಳಿಯ ಒಂದು ಮನೆಯ ಹೊರಗಿನ ಸೈರನ್ ಬಿಚ್ಚಿದ್ದೆ. ಹೊರಗಿನಿಂದ ನೋಡಿದರೆ ಹೊಸದರಂತಿತ್ತು. ಒಳಗೆ ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ ಮೆತ್ತಿಕೊಂಡಿತ್ತು. ಸ್ಕ್ರೂ ತುಕ್ಕು ಹಿಡಿದು, ಡ್ರೈವರ್ ಇಟ್ಟು ತಿರುಗಿಸಿದರೆ ತಲೆ ಬಿಸ್ಕತ್ತಿನ ಹಾಗೆ ಉದುರಿತು. ವೈರ್ ಕೈಗೆ ಬಂತು. ಎಷ್ಟು ತಿಂಗಳಿಂದ ಹಾಗಿತ್ತೋ, ಮನೆಯವರು ಮಾತ್ರ ಅಲಾರಂ ಇದೆ ಎಂಬ ಧೈರ್ಯದಲ್ಲೇ ಮಲಗುತ್ತಿದ್ದರು. ಸಮುದ್ರದ ಹತ್ತಿರದವರು ತಗಡಿನ ಪೆಟ್ಟಿಗೆಯ ಸೈರನ್ ತರಬೇಡಿ. ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯದ ಸ್ಟೀಲಿನ ಸ್ಕ್ರೂ, ಇರಿಚಲು ತಾಗದಂತೆ ಸೂರಿನ ಅಡಿಗೆ. ವೈರ್ ಸೇರುವಲ್ಲಿ ಸ್ವಲ್ಪ ವ್ಯಾಸಲೀನ್ ಹಚ್ಚಿದರೂ ಸಾಕು, ಎಷ್ಟೋ ತಡೆಯುತ್ತದೆ. ಒಂದು ಸಣ್ಣ ಸೈರನ್ ಮನೆಯೊಳಗೂ ಇರಲಿ.

ಅಂಗಡಿಯವರಿಗೆ ಎರಡೇ ಮಾತು. ಶಟರಿಗೆ ಮನೆಯ ಬಾಗಿಲಿನ ಸ್ವಿಚ್ ಹಾಕಿಸಿಕೊಳ್ಳಬೇಡಿ, ಗಾಳಿಗೆ ಶಟರ್ ಅಲುಗಿದರೂ ಕೂಗುತ್ತದೆ. ಶಟರಿಗೆಂದೇ ಬರುವ ದೊಡ್ಡದನ್ನು ಕೇಳಿ. ಕೆಲಸದವರು ಬಿಟ್ಟು ಹೋದ ದಿನವೇ ಕೋಡ್ ಬದಲಿಸಿ. ಅವರ ಮೇಲೆ ಅನುಮಾನ ಬೇಕಿಲ್ಲ, ಕೀಲಿ ವಾಪಸ್ ತೆಗೆದುಕೊಂಡಷ್ಟೇ ಸಹಜ ಇದು. ಪೆಟ್ಟಿಗೆಯಲ್ಲಿ ಬಂದ 1234 ಕೋಡನ್ನು ಹಾಗೇ ಇಟ್ಟುಕೊಂಡ ಅಂಗಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸದಾಶಿವಗಡದ ಆ ಮನೆಗೆ ಮತ್ತೆ ಬರುತ್ತೇನೆ. ಸೆನ್ಸರ್ ತೊಳೆದು, ತೂತು ಮುಚ್ಚಿ, ವೈರ್ ಸೇರಿಸಿದೆ. ಅದು ಒಂದು ಗಂಟೆಯ ಕೆಲಸ. ಓಡಿ ಬಂದು ಬೇಸತ್ತವರನ್ನು ಮತ್ತೆ ನಂಬಿಸುವುದಕ್ಕೆ ಹೆಚ್ಚು ದಿನ ಹಿಡಿಯಿತು. ಬೆಂಗಳೂರಿನ ಮಗ ಅವರ ಮನೆಮನೆಗೂ ಹೋಗಿ ತಪ್ಪಾಯಿತು ಅಂದರು. ಪಕ್ಕದ ಮನೆಯ ಅಕ್ಕನ ಕೈಗೆ ಕೀಲಿ ಕೊಟ್ಟು, ಅಲಾರಂ ನಿಲ್ಲಿಸುವುದನ್ನು ಕಲಿಸಿದರು. ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಅಕ್ಕ ಹೋಗಿ ಮೇನ್ ಸ್ವಿಚ್ ಆರಿಸುತ್ತಾರೆ, ಬ್ಯಾಟರಿಯ ಮೇಲೆಯೇ ಅಲಾರಂ ಹಾಕಿ ಬಾಗಿಲು ತೆರೆಯುತ್ತಾರೆ. ಹತ್ತು ಸೆಕೆಂಡ್ ಸೈರನ್ ಕೂಗುತ್ತದೆ. ನಿಲ್ಲಿಸಿ, ಮೇನ್ ಮತ್ತೆ ಹಾಕಿ, ಸೆನ್ಸರಿನ ಮೇಲೆ ಒಣ ಬಟ್ಟೆಯಾಡಿಸಿ ಬರುತ್ತಾರೆ. ಭಾನುವಾರ ಹನ್ನೊಂದರ ಸದ್ದು ಪರೀಕ್ಷೆಯದ್ದು ಎಂದು ಈಗ ಆ ಕೇರಿಯ ಮಕ್ಕಳಿಗೂ ಗೊತ್ತು. ಬೇರೆ ಯಾವ ಹೊತ್ತಿಗೆ ಕೂಗಿದರೂ ಟಾರ್ಚ್ ಹಿಡಿದು ಹೊರಗೆ ಬರುತ್ತೇವೆ ಅಂತ ಅಕ್ಕಪಕ್ಕದವರೇ ನನಗೆ ಹೇಳಿದ್ದಾರೆ.

ನಮಸ್ಕಾರ.