ಯಹ್ಯಾ ಎಂಬ ಹೆಸರು

ಎಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಂ.

ಶಾಲೆ ಶುರುವಾಗುವ ಹೊತ್ತಿಗೆ ಈ ಮಾತು ಆಡಲೇಬೇಕು ಅನ್ನಿಸಿತು. ‘ನಿಮ್ಮ ಮಗುವಿನ ಹೆಸರು ಕರೆಯೋದು ಕಷ್ಟ, ಬದಲಾಯಿಸಿಬಿಡಿ’ ಎಂದು ಹೇಳುವವರು ಈಗ ಜಾಸ್ತಿ. ಬದಲಾಗಬೇಕಾದದ್ದು ಹೆಸರಲ್ಲ, ನಮ್ಮ ನಾಲಿಗೆ ಸ್ವಲ್ಪ ಪಳಗಬೇಕು. ಇವತ್ತು ಒಂದೇ ಹೆಸರು ಹಿಡಿದು ಮಾತಾಡುತ್ತೇನೆ: ಯಹ್ಯಾ. ನಮ್ಮ ಚಿಕ್ಕಮಗಳೂರಿನ ಕಡೆ ಅಪರೂಪ.

ಮಲ್ಲಂದೂರಿನ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ‘ಯಾಯ’, ಟಿ.ಸಿ.ಯಲ್ಲಿ ‘ಯಹಿಯ’, ಆಧಾರ್‌ನಲ್ಲಿ ಇನ್ನೇನೋ. ತಾಳೆಯಾಗಲಿಲ್ಲ ಅಂತ ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬಂತು. ‘ಯಾಸಿನ್ ಅಂತ ಮಾಡಿಸಿಬಿಡಮ್ಮ, ಸುಲಭ’ ಎಂದು ಕಚೇರಿಯಲ್ಲಿ ಯಾರೋ ಹೇಳಿಕಳಿಸಿದ್ದರು. ಆ ತಾಯಿ ಛಾಪಾ ಕಾಗದ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಖಾಲಿ ಕಾಗದ, ಇನ್ನೂ ಏನೂ ಬರೆಸಿರಲಿಲ್ಲ. ‘ಮೇಷ್ಟ್ರೇ, ಮಕ್ಕಳಾಗೋ ಆಸೆಯನ್ನೇ ನಾವು ಬಿಟ್ಟಿದ್ದೆವು. ಆಮೇಲೆ ಹುಟ್ಟಿದವನು ಇವನು. ಅದಕ್ಕೇ ಇವನ ಅಜ್ಜ ಈ ಹೆಸರಿಟ್ಟರು. ಈಗ ಹೇಗೆ ತೆಗೆಯಲಿ?’ ಎಂದರು.

ಆ ಅಜ್ಜ ಸುಮ್ನೆ ಇಟ್ಟ ಹೆಸರಲ್ಲ ಅದು. ಕುರಾನಿನ 19ನೇ ಅಧ್ಯಾಯ ಮರ್ಯಮ್ ತೆಗೆದು ನೋಡಿ. ಝಕರಿಯಾಗೆ ವಯಸ್ಸಾಗಿದೆ, ತಲೆ ನರೆತಿದೆ, ಹೆಂಡತಿಗೆ ಮಕ್ಕಳಾಗಿಲ್ಲ. ಆತ ಮೆಲ್ಲನೆ ಪ್ರಾರ್ಥಿಸುತ್ತಾನೆ. ಮಗ ಹುಟ್ಟುತ್ತಾನೆ, ಅವನ ಹೆಸರು ಯಹ್ಯಾ, ಈ ಹೆಸರನ್ನು ಹಿಂದೆ ಯಾರಿಗೂ ಕೊಟ್ಟಿಲ್ಲ ಎಂಬ ಉತ್ತರ ಬರುತ್ತದೆ. ಹೆಸರಿಟ್ಟವರು ತಂದೆತಾಯಿಯಲ್ಲ, ದೇವರೇ!

ಇಲ್ಲಿರುವ ಕ್ರೈಸ್ತ ಬಂಧುಗಳಿಗೆ ಈ ಕಥೆ ಗೊತ್ತೇ ಇದೆ, ಅಲ್ವಾ? ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕನಾದ ಯೋಹಾನನೇ ಈ ಯಹ್ಯಾ. ಲೂಕನ ಸುವಾರ್ತೆಯಲ್ಲಿ ನೆಂಟರಿಷ್ಟರು ತಕರಾರು ತೆಗೆಯುತ್ತಾರೆ. ನಿಮ್ಮ ವಂಶದಲ್ಲಿ ಈ ಹೆಸರಿನವರೇ ಇಲ್ಲವಲ್ಲ, ಅಪ್ಪನ ಹೆಸರೇ ಇಡಿ ಅನ್ನುತ್ತಾರೆ. ಮಾತು ನಿಂತುಹೋಗಿದ್ದ ಅಪ್ಪ ಹಲಗೆ ತರಿಸಿಕೊಂಡು ಅವನ ಹೆಸರು ಯೋಹಾನ ಎಂದು ಬರೆಯುತ್ತಾನೆ. ಬೇರೆ ಹೆಸರಿಡಿ ಅನ್ನುವವರು ಆಗಲೂ ಇದ್ದರು ನೋಡಿ!

ಹೀಬ್ರೂವಿನ ಯೋಹಾನಾನ್ ಎಂದರೆ ದೇವರು ಕರುಣೆ ತೋರಿದ ಎಂದು. ಅದು ಯಹ್ಯಾ ಆದದ್ದು ಹೇಗೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅರಬ್ಬಿ ಕಿವಿಗೆ ಯಹ್ಯಾ ಎಂದರೆ ‘ಬದುಕುತ್ತಾನೆ’. ಬಾಬಾಬುಡನ್‌ಗಿರಿಗೆ ಹೋಗಿ ಬಂದವರು ಅಲ್ಲಿನ ಸೂಫಿ ಸಂತ ದಾದಾ ಹಯಾತ್ ಹೆಸರು ಕೇಳಿರುತ್ತೀರಿ. ಹಯಾತ್ ಎಂದರೆ ಬದುಕು. ಎರಡಕ್ಕೂ ಬೇರು ಒಂದೇ. ಬೆಟ್ಟದ ಮೇಲಿನ ಹೆಸರು ತಲೆಮಾರುಗಳಿಂದ ನಮ್ಮ ಬಾಯಲ್ಲಿದೆ, ತರಗತಿಯಲ್ಲಿ ಕೂತ ಹುಡುಗನ ಹೆಸರು ಮಾತ್ರ ಕಷ್ಟವೇ?

ಇನ್ನೂ ಹತ್ತಿರದ್ದು ಹೇಳುತ್ತೇನೆ. ಸಹ್ಯಾದ್ರಿ ಅನ್ನಿ. ಎಲ್ಲರೂ ಅನ್ನಿ... ಸಹ್ಯಾದ್ರಿ. ನಡುವೆ ಇರುವುದು ಅದೇ ‘ಹ್ಯಾ’! ದಿನಾ ಸಹ್ಯಾದ್ರಿಯನ್ನು ನೋಡುತ್ತಾ ಬೆಳೆದವರಿಗೆ ಯಹ್ಯಾ ಅನ್ನೋಕೆ ಬರಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಹೇಳುತ್ತೇನೆ. ಪ್ರವಾದಿಯವರ ನುಡಿಗಳ ಸಂಗ್ರಹ ‘ನಲವತ್ತು ಹದೀಸ್’ ಮಾಡಿದ ಇಮಾಮ್ ನವವಿ ಹೆಸರು ಕೇಳಿರುತ್ತೀರಿ. 1233ರಲ್ಲಿ ಸಿರಿಯಾದ ನವಾದಲ್ಲಿ ಹುಟ್ಟಿದ ಅವರ ಹೆಸರು ಯಹ್ಯಾ, ನವವಿ ಅನ್ನುವುದು ಊರಿನಿಂದ ಬಂದದ್ದು. ಬಾಗ್ದಾದಿನಲ್ಲಿ ನಮ್ಮ ಸುಶ್ರುತನ ವೈದ್ಯಗ್ರಂಥವನ್ನು ಅರಬ್ಬಿಗೆ ಮಾಡಿಸಿದ ಮಂತ್ರಿಯೂ ಯಹ್ಯಾ, ಬರ್ಮಕಿ ಮನೆತನದವನು.

ಮೇಷ್ಟ್ರುಗಳಿಗೆ ಒಂದು ವಿನಂತಿ. ದಾಖಲಾತಿ ಬರೆಯುವಾಗ ಜನನ ಪ್ರಮಾಣಪತ್ರ ಪಕ್ಕದಲ್ಲಿಟ್ಟುಕೊಳ್ಳಿ. ಮಗುವಿನ ಹೆಸರನ್ನು ತಾಯಿಯ ಬಾಯಿಂದ ಒಮ್ಮೆ ಹೇಳಿಸಿಕೊಳ್ಳಿ. ಯ, ಆಮೇಲೆ ಹ, ಹಕ್ಕೆ ಯ ಒತ್ತು, ಮೇಲೆ ದೀರ್ಘ. ಅಷ್ಟೇ. ಉಳಿದದ್ದು ಕಾಫಿ ಹೊತ್ತಿನಲ್ಲಿ ಕೇಳಿ, ಇಲ್ಲೇ ಇರುತ್ತೇನೆ.