ಲುಕ್ಸಾನದ ವರ್ಷದ ರಿಟರ್ನ್

ಕೇಳುಗರಿಗೆಲ್ಲ ನಮಸ್ಕಾರ.

ದ್ರಾಕ್ಷಿ ಒಣಗಲು ಹಾಕಿದಾಗ ಮಳೆ ಬಂದರೆ ಏನಾಗುತ್ತದೆ ಅಂತ ತಿಕೋಟಾ, ಬಬಲೇಶ್ವರ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹಸಿರು ಇರಬೇಕಾದ ಕಾಳು ಕಪ್ಪಾಗುತ್ತದೆ, ದರ ಬೀಳುತ್ತದೆ. ಅದು ಬೆಳೆಗಾರರ ಕಷ್ಟ. ಆದರೆ ಒಣದ್ರಾಕ್ಷಿ ಖರೀದಿ ಮಾಡಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ದರ ಏರಲಿ ಅಂತ ಕಾದು, ಕೊನೆಗೆ ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದ ವ್ಯಾಪಾರಿಗೂ ಪೆಟ್ಟು ಬೀಳುತ್ತದೆ ಅಲ್ವಾ? ನಷ್ಟವಾದ ವರ್ಷದ ಆದಾಯ ತೆರಿಗೆ ರಿಟರ್ನ್ ಬಗ್ಗೆ ಇವತ್ತಿನ ಮಾತು ಅವರಿಗೆ. ಹಾಗೆಯೇ ಬನಹಟ್ಟಿಯ ಮಗ್ಗದ ಮಾಲೀಕರಿಗೆ, ಬೆಳಗಾವಿ ಉದ್ಯಮಬಾಗದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರಿಗೆ, ಸ್ವಂತ ದುಡಿಮೆಯ ಎಲ್ಲರಿಗೆ.

ತೆರಿಗೆ ಕೆಲಸ ಮಾಡುವ ನಮಗೆ ಪದೇ ಪದೇ ಕಿವಿಗೆ ಬೀಳುವ ಮಾತು ಒಂದಿದೆ. "ಸಾಹೇಬ್ರ, ಈ ವರ್ಷ ಬರೀ ಲುಕ್ಸಾನ ಆಗೇತ್ರಿ. ಟ್ಯಾಕ್ಸೇ ಇಲ್ಲಂದ ಮ್ಯಾಲ ರಿಟರ್ನ್ ಯಾಕ ತುಂಬೂದ್ರಿ?" ನನ್ನ ಉತ್ತರ ಒಂದೇ. ಲಾಭದ ವರ್ಷದ ರಿಟರ್ನ್ ತಡವಾದರೆ ದಂಡ, ಬಡ್ಡಿ ಕಟ್ಟಿ ಪಾರಾಗಬಹುದು. ಲುಕ್ಸಾನದ ವರ್ಷದ್ದು ತಡವಾದರೆ ಆ ಲುಕ್ಸಾನವೇ ಕೈಬಿಡುತ್ತದೆ.

ಹೇಗೆ ಅಂದರೆ, ವ್ಯಾಪಾರದಲ್ಲಿ ಆದ ನಷ್ಟವನ್ನು ಮುಂದಿನ 8 ವರ್ಷಗಳವರೆಗೆ ಒಯ್ದು, ಆಗ ಬರುವ ವ್ಯಾಪಾರದ ಲಾಭದಲ್ಲಿ ಮುರಿದುಕೊಳ್ಳಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 72ನೇ ಕಲಮಿನಲ್ಲಿ ಈ ಸೌಲಭ್ಯ ಇತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ 8 ವರ್ಷದ ಲೆಕ್ಕ ಹಾಗೇ ಉಳಿದಿದೆ. ಷರತ್ತು ಒಂದೇ: ನಷ್ಟವಾದ ವರ್ಷದ ರಿಟರ್ನ್ ಕೊನೆಯ ದಿನಾಂಕದೊಳಗೆ ಹೋಗಿರಬೇಕು.

ಒಂದು ಲೆಕ್ಕ ಹೇಳುತ್ತೇನೆ, ಪೆನ್ನು ಇದ್ದರೆ ಬರೆದುಕೊಳ್ಳಿ. ವಿಜಯಪುರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಅಂತಿಟ್ಟುಕೊಳ್ಳೋಣ. 2023-24ರಲ್ಲಿ ಅವರಿಗೆ 7 ಲಕ್ಷ ನಷ್ಟ. ಮನೆಯ ಮೇಲಿನ ಮಾಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ಖರ್ಚು ಕಳೆದು ವರ್ಷಕ್ಕೆ 1 ಲಕ್ಷ ಆದಾಯ. ನಷ್ಟವಾದ ಅದೇ ವರ್ಷದಲ್ಲಿ ಈ ಬಾಡಿಗೆಯಲ್ಲೂ ನಷ್ಟವನ್ನು ಮುರಿದುಕೊಳ್ಳಬೇಕು. ಸಂಬಳ ಇದ್ದರೆ ಅದನ್ನು ಮಾತ್ರ ಮುಟ್ಟುವಂತಿಲ್ಲ. ಉಳಿದದ್ದು 6 ಲಕ್ಷ. ಇದು ಮುಂದಕ್ಕೆ ಹೋಗುತ್ತದೆ. ಆದರೆ ಮುಂದಿನ ವರ್ಷಗಳಲ್ಲಿ ಬಾಡಿಗೆಗೆ ಇದು ಒದಗುವುದಿಲ್ಲ, ವ್ಯಾಪಾರದ ಲಾಭಕ್ಕೆ ಮಾತ್ರ.

2024-25ರಲ್ಲಿ ವ್ಯಾಪಾರದಲ್ಲಿ ಎರಡೂವರೆ ಲಕ್ಷ ಲಾಭ. ಬಾಡಿಗೆ ಸೇರಿಸಿದರೂ ಮೂರೂವರೆ ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ, ಅಂದರೆ ದರವೂ ಕಡಿಮೆ, ವಿನಾಯಿತಿಗಳೂ ಕಡಿಮೆ ಇರುವ ಲೆಕ್ಕದಲ್ಲಿ, ಅದಕ್ಕೆ ಹೇಗಿದ್ದರೂ ತೆರಿಗೆ ಇಲ್ಲ. "ಹಾಗಾದರೆ ಈ ವರ್ಷ ನಷ್ಟ ತೆಗೆಯೋದು ಬೇಡ, ದೊಡ್ಡ ಲಾಭದ ವರ್ಷಕ್ಕೆ ಇಟ್ಟುಕೊಳ್ಳೋಣ" ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಲಾಭ ಬಂದ ಮೊದಲ ವರ್ಷವೇ ಮುರಿಯಬೇಕು. ಎರಡೂವರೆ ಲಕ್ಷ ಹೋಯಿತು, ಮೂರೂವರೆ ಉಳಿಯಿತು.

2025-26ರಲ್ಲಿ ದರ ಕೈಹಿಡಿಯಿತು. ವ್ಯಾಪಾರದಲ್ಲಿ 14 ಲಕ್ಷ ಲಾಭ, ಬಾಡಿಗೆ 1 ಲಕ್ಷ, ಒಟ್ಟು 15. ಹಳೆಯ ನಷ್ಟ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ಸೆಸ್ ಸೇರಿ 1,09,200 ರೂಪಾಯಿ ತೆರಿಗೆ. ನಷ್ಟದ ಮೂರೂವರೆ ಲಕ್ಷ ಕಳೆದರೆ ಆದಾಯ ಹನ್ನೊಂದೂವರೆ ಲಕ್ಷಕ್ಕೆ ಇಳಿಯುತ್ತದೆ. 12 ಲಕ್ಷದೊಳಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಇಡೀ ಲಕ್ಷದ ಮೇಲಿನ ಈ ಉಳಿತಾಯ ನಿಂತಿರುವುದು ಎಲ್ಲಿ? 2023-24ರ ನಷ್ಟದ ರಿಟರ್ನನ್ನು ಅವರು 2024ರ ಜುಲೈ 31ರೊಳಗೆ ಸಲ್ಲಿಸಿದ್ದರು ಅನ್ನುವುದರ ಮೇಲೆ.

ಕೊನೆಯ ದಿನಾಂಕ ಎಲ್ಲ ವರ್ಷ ಒಂದೇ ಇರುವುದಿಲ್ಲ. 2025ರಲ್ಲಿ ಅದು ಸೆಪ್ಟೆಂಬರ್ 16ರವರೆಗೆ ಹೋಯಿತು. ಆಯಾ ವರ್ಷದ್ದನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಆದರೆ ಮುಂದೆ ಹಾಕುತ್ತಾರೆ ಅಂತ ನಂಬಿ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಇಲ್ಲೇ ಇನ್ನೊಂದು ಗುಂಡಿ ಇದೆ, ಜಾಸ್ತಿ ಜನ ಬೀಳುವುದು ಅದರಲ್ಲೇ. ರಿಟರ್ನ್ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 30 ದಿನದೊಳಗೆ ಅದನ್ನು ವೆರಿಫೈ ಮಾಡಬೇಕು, ಅಂದರೆ ಇದು ನನ್ನದೇ ಅಂತ ಖಚಿತಪಡಿಸಬೇಕು. ಸಾಮಾನ್ಯವಾಗಿ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರುತ್ತದೆ. ನಮ್ಮಲ್ಲಿ ಆ ನಂಬರು ಮಗನದ್ದೋ, ಅಳಿಯನದ್ದೋ, ಇಲ್ಲಾ ಯಾವತ್ತೋ ಬಂದಾದ ಸಿಮ್‌ನದ್ದೋ ಆಗಿರುತ್ತದೆ. ಓಟಿಪಿ ಬರಲಿಲ್ಲ, ಆಮೇಲೆ ಮಾಡಿದರಾಯಿತು ಅಂತ ಬಿಡುತ್ತಾರೆ. 30 ದಿನ ದಾಟಿ ವೆರಿಫೈ ಮಾಡಿದರೆ, ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನ ಅಂತ ಹಿಡಿಯುತ್ತಾರೆ. ಅಂದರೆ ಜುಲೈ 30ಕ್ಕೆ ಕಳಿಸಿದ್ದು ಅಕ್ಟೋಬರ್‌ನದ್ದಾಗಿಬಿಡುತ್ತದೆ. ಐಟಿಆರ್-3 ಅನ್ನುವ ರಿಟರ್ನ್ ಫಾರ್ಮಿನಲ್ಲಿ ಹಳೆಯ ನಷ್ಟಗಳನ್ನು ವರ್ಷವಾರು ತುಂಬುವ ಒಂದು ಕೋಷ್ಟಕ ಇದೆ. ಅದರಲ್ಲಿ ಪ್ರತಿ ವರ್ಷದ ಮುಂದೆಯೂ ರಿಟರ್ನ್ ಸಲ್ಲಿಸಿದ ದಿನಾಂಕ ಕೇಳುತ್ತಾರೆ. ತಡವಾಗಿದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಐಟಿಆರ್-3 ಅಂದೆ ನೋಡಿ, ಅದೂ ಮುಖ್ಯ. ಬಹಳ ಅಂಗಡಿಕಾರರು ತುಂಬುವುದು ಐಟಿಆರ್-4, ಅಂದರೆ ಸುಗಮ್. ವಹಿವಾಟಿನ ಮೇಲೆ ನಗದಿಗೆ 8 ಪರ್ಸೆಂಟ್, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಲಾಭ ಅಂತ ಅಂದಾಜು ತೋರಿಸಿದರೆ ಮುಗಿಯಿತು. ಕಿರ್ದಿ ಬರೆಯುವ ತಲೆನೋವಿಲ್ಲ. ಆದರೆ ಆ ಫಾರ್ಮಿನಲ್ಲಿ ನಷ್ಟಕ್ಕೆ ಜಾಗವೇ ಇಲ್ಲ. 1 ಕೋಟಿ ವಹಿವಾಟು ಮಾಡಿ 5 ಲಕ್ಷ ಕಳೆದುಕೊಂಡವರು ಕಾಗದದ ಮೇಲೆ 6 ಲಕ್ಷ ಲಾಭ ಮಾಡಿರುತ್ತಾರೆ! ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ, ಬ್ಯಾಂಕಿನವರು ಸಾಲಕ್ಕೆ ಲಾಭದ ರಿಟರ್ನ್ ಕೇಳುತ್ತಾರೆ ಅಂತ. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಇಲ್ಲದ ಲಾಭ ತೋರಿಸಿ ಸಾಲ ಎತ್ತಿದರೆ ಕಂತು ಕಟ್ಟುವುದು ಇರುವ ದುಡ್ಡಿನಲ್ಲೇ.

ನಷ್ಟ ತೋರಿಸಲು ಸುಗಮ್ ಬಿಟ್ಟು ಬರಬೇಕು, ಲೆಕ್ಕದ ಪುಸ್ತಕ ಸರಿಯಾಗಿರಬೇಕು. ಒಮ್ಮೆ ಬಿಟ್ಟರೆ ಸಾಮಾನ್ಯವಾಗಿ 5 ವರ್ಷ ವಾಪಸ್ ಹೋಗುವಂತಿಲ್ಲ, ಆ ಅವಧಿಯಲ್ಲಿ ಆದಾಯವು ತೆರಿಗೆ ಇಲ್ಲದ ಮೂಲ ಮಿತಿ ದಾಟಿದ ವರ್ಷ ಆಡಿಟ್ ಕೂಡ ಬೇಕಾಗುತ್ತದೆ. ಆದ್ದರಿಂದ ನಷ್ಟ ಸಣ್ಣದಿದ್ದರೆ ಸುಮ್ನೆ ಈ ಗೊಡವೆಗೆ ಹೋಗದಿರುವುದೇ ಲೇಸು. ಅಂದ ಹಾಗೆ, ಎಪಿಎಂಸಿಯ ಅಡತಿ ಅಂಗಡಿಯವರೇ, ಕಮಿಷನ್ ದುಡಿಮೆಗೆ ಆ ಅಂದಾಜಿನ ಸೌಲಭ್ಯ ಮೊದಲಿಂದಲೂ ಇಲ್ಲ.

ಯಂತ್ರಗಳ ಸವಕಳಿಯ, ಅಂದರೆ ಬಳಸಿದಂತೆ ವರ್ಷ ವರ್ಷ ಇಳಿಯುವ ಅವುಗಳ ಬೆಲೆಯ, ದಾರಿ ಬೇರೆ. ಅದಕ್ಕೆ 8 ವರ್ಷದ ಗಡಿ ಇಲ್ಲ, ರಿಟರ್ನ್ ತಡವಾದರೂ ಅದು ಉಳಿಯುತ್ತದೆ. ಹಾಗಾಗಿ ಮಗ್ಗದವರು, ವರ್ಕ್‌ಶಾಪಿನವರು ನಷ್ಟವನ್ನೂ ಸವಕಳಿಯನ್ನೂ ಬೇರೆ ಬೇರೆ ಬರೆಸಿ ಇಟ್ಟುಕೊಳ್ಳಬೇಕು.

ಇನ್ನು ಹೊಲದ ನಷ್ಟ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅದಕ್ಕೇ ಅದರ ನಷ್ಟವನ್ನು ಅಂಗಡಿಯ ಲಾಭದಲ್ಲಿ ಮುರಿಯಲೂ ಬರುವುದಿಲ್ಲ. ಸ್ವಂತ ತೋಟದ ದ್ರಾಕ್ಷಿಯನ್ನೂ ಕೊಂಡ ಮಾಲನ್ನೂ ಒಂದೇ ಖಾತೆಯಲ್ಲಿ ನಡೆಸುವವರು ಇಲ್ಲಿ ಪೇಚಿಗೆ ಸಿಗುತ್ತಾರೆ. ಎರಡನ್ನೂ ಬೇರೆ ಇಡಿ.

ವ್ಯಾಪಾರ ಬದಲಿಸಿದರೆ? ಅಡ್ಡಿಯಿಲ್ಲ. ಒಣದ್ರಾಕ್ಷಿ ಬಿಟ್ಟು ಹಾರ್ಡ್‌ವೇರ್ ಅಂಗಡಿ ಹಾಕಿದರೂ ಹಳೆಯ ನಷ್ಟ ಹೊಸ ಲಾಭಕ್ಕೆ ಬರುತ್ತದೆ. ಮಾಲೀಕರು ಬದಲಾದರೆ ಮಾತ್ರ ಬರುವುದಿಲ್ಲ. ಅಪ್ಪ ಬದುಕಿರುವಾಗಲೇ ಅಂಗಡಿಯನ್ನು ಮಗನ ಹೆಸರಿಗೆ ಮಾಡಿದರೆ ಅಪ್ಪನ ನಷ್ಟ ಮಗನಿಗೆ ಸಿಗುವುದಿಲ್ಲ. ಅಪ್ಪ ತೀರಿಕೊಂಡು ವಾರಸಾಗಿ ಬಂದರೆ ಸಿಗುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ಉಕ್ಕಿ ಗೋಕಾಕ, ಮುಧೋಳ ಕಡೆ ಮಾಲು, ಯಂತ್ರ ಎಲ್ಲ ನೀರುಪಾಲಾದದ್ದು ನೆನಪಿದೆಯಲ್ಲ? ಆ ನಷ್ಟ 2019-20ರದು. ಕೊರೊನಾ ಕಾರಣಕ್ಕೆ ಆಡಿಟ್ ಇಲ್ಲದವರಿಗೆ ಆ ವರ್ಷದ ರಿಟರ್ನ್ ಗಡುವು 2021ರ ಜನವರಿ 10ರವರೆಗೂ ಹೋಗಿತ್ತು. ಅಷ್ಟರೊಳಗೆ ಸಲ್ಲಿಸಿದವರ ಬಳಿ ಇನ್ನೂ ಬಾಕಿ ಉಳಿದಿದ್ದರೆ, ಅದನ್ನು ಮುರಿದುಕೊಳ್ಳಲು ಕೊನೆಯ ವರ್ಷ 2027-28.

ಬಾಕಿ ಎಷ್ಟು ಅಂತ ನೆನಪಿನಿಂದ ಹೇಳಬೇಡಿ. ಪ್ರತಿ ರಿಟರ್ನ್ ಆದ ಮೇಲೆ ಇಲಾಖೆಯಿಂದ ಇ-ಮೇಲ್‌ಗೆ ಒಂದು ಇಂಟಿಮೇಶನ್, ಅಂದರೆ ನಿಮ್ಮ ಲೆಕ್ಕ ನೋಡಿ ಕಳಿಸುವ ಸೂಚನಾ ಪತ್ರ, ಬರುತ್ತದೆ. ರೀಫಂಡ್ ಎಷ್ಟು ಅಂತ ನೋಡಿ ಅದನ್ನು ಮುಚ್ಚುವವರೇ ಜಾಸ್ತಿ. ಮುಂದಕ್ಕೆ ಹೋಗುವ ನಷ್ಟದ ಅಂಕಿ ಎಡಗಡೆ ನೀವು ತುಂಬಿದಂತೆ, ಬಲಗಡೆ ಇಲಾಖೆ ಒಪ್ಪಿದಂತೆ ಇರುತ್ತದೆ. ಎರಡೂ ಒಂದೇ ಇದ್ದರೆ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಬಲಗಡೆ ಸೊನ್ನೆ ಕಂಡರೆ ಆ ವಾರವೇ ನಿಮ್ಮ ತೆರಿಗೆ ಸಲಹೆಗಾರರ ಹತ್ತಿರ ಹೋಗಿ ತಿದ್ದುಪಡಿಗೆ ಅರ್ಜಿ ಹಾಕಿಸಿ.

ನಮಸ್ಕಾರ.